ಏಳನೆಯ ಹಾಡಿನ ಹಲ್ಲು

ಊರಿನ ಅರ್ಧದಷ್ಟು ಹಿರಿಯರು ನಗುವುದು ಅವನು ಮಾಡಿಕೊಟ್ಟ ಹಲ್ಲುಗಳಿಂದ. ಆದರೆ ಅವರಲ್ಲಿ ಒಬ್ಬರೂ ಅವನನ್ನು ಕಂಡು ನಕ್ಕವರಲ್ಲ, ಯಾಕೆಂದರೆ ಅವನನ್ನು ಕಂಡವರೇ ಇಲ್ಲ. ಬಸ್ ನಿಲ್ದಾಣದ ಎದುರಿನ ಕಟ್ಟಡದ ಎರಡನೇ ಮಹಡಿಯಲ್ಲಿ ಹಲ್ಲಿನ ಕ್ಲಿನಿಕ್ಕು. ಮುಂದಿನ ಕೋಣೆಯಲ್ಲಿ ಡಾಕ್ಟರಮ್ಮ, ಎಸಿ, ಮೀನಿನ ತೊಟ್ಟಿ. ಹಿಂದಿನ ಕೋಣೆಯಲ್ಲಿ ಪ್ಲಾಸ್ಟರ್ ಧೂಳು, ಕರಗಿದ ಮೇಣದ ವಾಸನೆ ಮತ್ತು ಇವನು. ಡಾಕ್ಟರಮ್ಮ ರೋಗಿಯ ಬಾಯಿಯ ಅಚ್ಚು ತೆಗೆದು ಟ್ರೇಯಲ್ಲಿಟ್ಟು, ಟ್ರೇಗೊಂದು ನಂಬರು ಅಂಟಿಸಿ, ಗೋಡೆಯ ಕಿಂಡಿಯಿಂದ ಒಳಕ್ಕೆ ತಳ್ಳುತ್ತಿದ್ದರು. ಇವನು ಹಲ್ಲು ಜೋಡಿಸಿ, ತಿಕ್ಕಿ, ಹೊಳಪು ಕೊಟ್ಟು, ಅದೇ ಕಿಂಡಿಯಿಂದ ಹೊರಕ್ಕೆ ತಳ್ಳುತ್ತಿದ್ದ. ಹೆಸರಿಲ್ಲ, ಮುಖವಿಲ್ಲ. ಬೀದಿಯಲ್ಲಿ ಎದುರಾದವರು ಯಾರೆಂದು ಅವನಿಗೆ ತಿಳಿಯುತ್ತಿರಲಿಲ್ಲ. ಅವರು ಆಕಳಿಸಿದರೆ ಮಾತ್ರ ತಟ್ಟನೆ ಗುರುತು ಸಿಗುತ್ತಿತ್ತು: ಓಹೋ, ನಲವತ್ತೆರಡು!

ಬಲ್ಲ ನಾಲ್ಕು ಜನ ಅವನನ್ನು ಕರೆಯುವುದು ಹಲ್ಲಣ್ಣ ಎಂದು. ಮನೆಯಲ್ಲಿ ತಮ್ಮ, ಕಸುಬಿನಲ್ಲಿ ಅಣ್ಣ.

ಸಂಜೆಯ ಹೊತ್ತು ಅವನಿಗೆ ಇನ್ನೊಂದು ಅವತಾರವಿತ್ತು. ಅದರಲ್ಲೂ ಅವನು ಯಾರಿಗೂ ಕಾಣುತ್ತಿರಲಿಲ್ಲ. ಅವನ ಸ್ವಂತ ಅಣ್ಣ ಒಂದು ಪಾರ್ಟಿ ಬ್ಯಾಂಡು ಕಟ್ಟಿದ್ದ. ಪ್ರತಿ ಶನಿವಾರ ರೈಲ್ವೆ ಸೇತುವೆಯಾಚೆಯ ಹೋಟೆಲಿನ ಹಾಲ್‌ನಲ್ಲಿ, ಎಲ್ಲರಿಗೂ ಗೊತ್ತಿರುವ ಹಾಡುಗಳನ್ನು ಎಲ್ಲರಿಗೂ ಗೊತ್ತಿರುವ ಹಾಗೆಯೇ ಹಾಡುವುದು ಅದರ ಧರ್ಮ. ಅಣ್ಣ ಮಿರಿಮಿರಿ ಮಿಂಚುವ ಕೋಟು ತೊಟ್ಟು ಮುಂದೆ ನಿಂತು ಹಾಡುತ್ತಿದ್ದ. ಅತ್ತಿಗೆಯದು ಕೀಬೋರ್ಡು, ಹಲ್ಲಣ್ಣನದು ಬೇಸ್ ಗಿಟಾರು. ಅಣ್ಣ ಬಾಸು, ತಮ್ಮ ಬೇಸು. ಬಾಸಿಗೆ ಚಪ್ಪಾಳೆ, ಬೇಸಿಗೆ ಬೇಸರ. "ಬೇಸ್ ಅಂದ್ರೆ ಊಟಕ್ಕೆ ಉಪ್ಪಿದ್ದ ಹಾಗೆ ಕಣೋ, ಇಲ್ದೇ ಇದ್ರೆ ತಾನೇ ಗೊತ್ತಾಗೋದು" ಎಂದು ಅಣ್ಣ ಸಮಾಧಾನ ಹೇಳುತ್ತಿದ್ದ. ಹಲ್ಲಣ್ಣ ಒಂದು ಶನಿವಾರ ಪರೀಕ್ಷೆಗೆಂದು ಇಡೀ ಒಂದು ಹಾಡು ತಂತಿ ಮುಟ್ಟದೆ ನಿಂತ. ಯಾರಿಗೂ ಗೊತ್ತಾಗಲಿಲ್ಲ. ಅಣ್ಣನಿಗೂ.

ಇಷ್ಟು ವರ್ಷಗಳಲ್ಲಿ ಪ್ರೇಕ್ಷಕರ ಕಡೆಯಿಂದ ಅವನಿಗೆ ಸಿಕ್ಕ ಮಾತು ಒಂದೇ: "ಸಾರ್, ಈ ಪೆಟ್ಟಿಗೆ ಸ್ವಲ್ಪ ಸರಿಸ್ತೀರಾ? ಟಾಯ್ಲೆಟ್‌ಗೆ ಹೋಗೋಕೆ ಅಡ್ಡ ಆಗ್ತಿದೆ."

ಹೀಗಿರುವಾಗ ಒಂದು ಭಾನುವಾರ ಅತ್ತಿಗೆ ಮುರಿದ ಹಲ್ಲೊಂದನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ಅವನ ಹಿಂಕೋಣೆಗೆ ಬಂದರು. ಹಲ್ಲಣ್ಣ ಆಗ ಒಂದು ಹಲ್ಲುಸೆಟ್ಟಿನ ಕಚ್ಚು ನೋಡುತ್ತಿದ್ದ. ಮೇಲಿನ ದವಡೆ, ಕೆಳಗಿನ ದವಡೆ ಎರಡನ್ನೂ ಉಕ್ಕಿನ ಕೀಲಿಗೆ ಸಿಕ್ಕಿಸಿ, ಬಾಯಿ ತೆರೆದು ಮುಚ್ಚಿಸಿ, ಮೇಲಿನ ಹಲ್ಲು ಕೆಳಗಿನದರ ಮೇಲೆ ಸರಿಯಾಗಿ ಕೂರುತ್ತದೆಯೇ ಎಂದು ಪರೀಕ್ಷಿಸುವುದು ಈ ಕೆಲಸದ ಕ್ರಮ. ಕಟ್ ಕಟ್, ಕಟಕಟ.

"ಇನ್ನೊಂದ್ ಸಲ ಮಾಡು" ಎಂದರು ಅತ್ತಿಗೆ.

"ಏನು?"

"ಆ ಕಟಕಟ. ಪಕ್ಕದ್ದು ತಗೋ, ಅದೇನನ್ನುತ್ತೆ ನೋಡೋಣ."

ಪಕ್ಕದ್ದು ಕೊಟಕೊಟ ಎಂದಿತು. ಅದರಾಚೆಯದು ಟಿಕಿಟಿಕಿ. ಶೆಲ್ಫಿನಲ್ಲಿ ಸಾಲಾಗಿ ಕೂತಿದ್ದ ಊರ ಬಾಯಿಗಳಿಗೆಲ್ಲ ಒಂದೊಂದು ಸ್ವರ. ಊರ ಬಾಯಿ ಮುಚ್ಚಿಸಲಾಗದು ಎನ್ನುತ್ತಾರೆ. ಇವರಿಬ್ಬರೂ ಅದನ್ನು ತೆರೆದು ಮುಚ್ಚಿ ತಾಳ ಹಾಕತೊಡಗಿದರು. ಮುಂದಿನ ಭಾನುವಾರ ಅತ್ತಿಗೆ ಚಿಕ್ಕ ಕೀಬೋರ್ಡನ್ನು ಚೀಲದಲ್ಲಿ ಹಾಕಿಕೊಂಡು ಬಂದರು. ಗಂಡನಿಗೆ ವಾಕಿಂಗ್ ಹೋಗುತ್ತೇನೆಂದು ಹೇಳಿ ಬರುತ್ತಿದ್ದರು. ವರ್ಷವಿಡೀ ನಡೆದರೂ ಹೆಂಡತಿಯ ತೂಕ ಇಳಿಯಲಿಲ್ಲವಲ್ಲ ಎಂಬುದು ಅಣ್ಣನಿಗೆ ಬಿಡಿಸಲಾಗದ ಒಗಟು.

ಬ್ಯಾಂಡಿನ ಹೆಸರು 'ದವಡೆ'. ಪ್ರಯೋಗಾತ್ಮಕ ರಾಕ್ ಎಂದು ಅತ್ತಿಗೆ ಅದಕ್ಕೊಂದು ಜಾತಿ ಗೊತ್ತು ಮಾಡಿದರು. ರಾಕ್ ಎಂದರೆ ಕಲ್ಲು, ಇವರದು ಹಲ್ಲು; ಕಲ್ಲೂ ಹಲ್ಲೂ ಕೂಡಿದರೆ ಏನಾಗುತ್ತದೆಂಬುದು ಊಟ ಮಾಡುವ ಎಲ್ಲರಿಗೂ ಗೊತ್ತು. ಏಳು ಹಾಡಿನ ಆಲ್ಬಮ್ ಸಿದ್ಧವಾಯಿತು. ಹಾಡು ಎಂದರೂ ಯಾರೂ ಬಾಯಿ ಬಿಟ್ಟು ಹಾಡಿರಲಿಲ್ಲ. ಮೊದಲ ಆರರಲ್ಲಿ ಕೀಬೋರ್ಡು, ಹಲ್ಲುಗಳ ಜೊತೆಗೆ ಬೇಸ್ ಗಿಟಾರಿನ ಗುಂಯ್, ಹೊಳಪು ಕೊಡುವ ಯಂತ್ರದ ಭರ್ರ್, ಗ್ಯಾಸಿನ ಒಲೆಯ ಭುಸ್. ಏಳನೆಯದರಲ್ಲಿ ಮಾತ್ರ ಬೇರೇನೂ ಇಲ್ಲ, ಅತ್ತಿಗೆಯ ಕೀಬೋರ್ಡು ಮತ್ತು ಹಲ್ಲು. ಅದೂ ಒಂದೇ ಸೆಟ್ಟು, ಅರವತ್ತೊಂದನೆಯ ಟ್ರೇಯದು. ಆ ಹಲ್ಲಿನ ದನಿಯೇ ಬೇರೆ. ಒಣಗಿದ ಕೊಂಬೆ ಮುರಿದ ಹಾಗೆ ಶುರುವಾಗಿ, ಯಾರೋ ಬಾಗಿಲು ತಟ್ಟಿ ಸುಮ್ಮನಾದ ಹಾಗೆ ನಿಲ್ಲುತ್ತಿತ್ತು. ಅದರ ಯಜಮಾನರು ಯಾರೋ ಏನೋ, ತಿಂಗಳುಗಟ್ಟಲೆ ತೆಗೆದುಕೊಂಡು ಹೋಗಲು ಬರಲಿಲ್ಲ. ಹಲ್ಲಣ್ಣ ಭಾನುವಾರದ ಮೇಲೆ ಭಾನುವಾರ ಅದನ್ನು ಬಡಿದ, ಸಮಾಧಾನವಾಗದೆ ಮತ್ತೆ ಬಡಿದ, ಕೊನೆಗೆ ತೊಳೆದು ಒರೆಸಿ ಟ್ರೇಯಲ್ಲಿಟ್ಟ.

ಆಲ್ಬಮ್ಮಿನ ಮೇಲೆ ಇಬ್ಬರೂ ಸುಳ್ಳು ಹೆಸರು ಹಾಕಿಕೊಂಡರು. ಅವನು 'ಕಟಕಟ', ಅತ್ತಿಗೆ 'ಕರಿಬಿಳಿ'. ಅಣ್ಣನಿಗೆ ತಮ್ಮನ ವಿಷಯ ಮಾತ್ರ ಗೊತ್ತಾಯಿತು, ಹೋಟೆಲಿನಲ್ಲಿ ತಂತಿ ಸುತ್ತುತ್ತಿರುವಾಗ ತಮ್ಮನೇ ಹೇಳಿದ. ಅಣ್ಣ ಮೊದಲ ಹಾಡನ್ನು ಅಲ್ಲೇ ಫೋನಿನಲ್ಲಿ ಹಾಕಿ, ಎದೆ ಹಿಡಿದುಕೊಂಡ.

"ಇದು ಶುರುವಾಗಿದ್ಯಾ, ಇಲ್ಲ ಫೋನ್ ಕೆಟ್ಟಿದ್ಯಾ?"

"ಶುರುವಾಗಿದೆ."

"ಯಾರಿಗೋ ನೋವಾಗ್ತಿದ್ಯಲ್ಲೋ ಇದ್ರಲ್ಲಿ."

"ಅಣ್ಣ, ಶನಿವಾರದ ಪ್ರೋಗ್ರಾಮಲ್ಲಿ ನಂದು ಒಂದೇ ಒಂದು ಹಾಡು..."

ಅಣ್ಣ ಕೋಟು ಬಿಚ್ಚಿ ಹ್ಯಾಂಗರಿಗೆ ಹಾಕಿದ. ಅವನು ಕೆಟ್ಟವನಲ್ಲ, ಕೋಟಿನಲ್ಲಿದ್ದಾಗ ಮಾತ್ರ ಸ್ವಲ್ಪ ಬಿಗಿ. "ನೋಡು, ನನ್ನ ಕಿವಿ ನಂಬೋದು ಬೇಡ. ಪೇಪರ್‌ನಲ್ಲಿ ಒಂದೇ ಒಂದು ಒಳ್ಳೆ ಮಾತು ಬರ್ಲಿ. ಬಂದ್ರೆ ಸ್ಟೇಜ್ ಮೇಲೆ ನಿನ್ನ ಹಾಡು, ನನ್ನ ಮೈಕಲ್ಲೇ. ಬರ್ಲಿಲ್ವೋ, ಈ ಹಲ್ಲಿನಾಟ ಕಟ್ಟಿಟ್ಟು ಭಾನುವಾರನೂ ನನ್ನ ಜೊತೆ ಬರ್ಬೇಕು. ಮಧ್ಯಾಹ್ನದ ಪಾರ್ಟಿ ಎಷ್ಟು ಬಿಟ್ಟಿದೀನಿ ಗೊತ್ತಾ ನಿನ್ನಿಂದ?"

ಹಲ್ಲಣ್ಣ ಹೂಂ ಎಂದ. ಹೂಂ ಎಂದ ಮೇಲೆ ಲೆಕ್ಕ ಹಾಕಿದ. ಭಾನುವಾರ ಹೋದರೆ ಉಳಿಯುವುದು ಆರು ದಿನ ಕಿಂಡಿ, ಒಂದು ಸಂಜೆ ಉಪ್ಪು.

ಪೇಪರ್ ಎಂದರೆ ಆ ಊರಿನಲ್ಲಿ ಒಂದೇ ಪೇಪರು, ಸಂಗೀತ ವಿಮರ್ಶೆ ಎಂದರೆ ಒಬ್ಬರೇ ವಿಮರ್ಶಕರು. ಕತ್ತರಿ ಎಂದೇ ಅವರ ಖ್ಯಾತಿ. ಒಮ್ಮೆ ಒಬ್ಬ ದೊಡ್ಡ ಗಾಯಕರ ಕಛೇರಿಯ ಬಗ್ಗೆ ಅವರು ಬರೆದ ಒಟ್ಟು ವಿಮರ್ಶೆ "ಸಭಾಂಗಣದ ಕುರ್ಚಿಗಳು ಆರಾಮವಾಗಿದ್ದವು" ಎಂಬಷ್ಟೇ. ದಂತಗೋಪುರದಲ್ಲಿ ಕೂತವರು, ಕೆಳಗಿಳಿದು ಬಂದರೆ ಕಚ್ಚಲಿಕ್ಕೇ ಎಂದು ಹಾಡುವವರೆಲ್ಲ ಹೆದರುತ್ತಿದ್ದರು. ಅತ್ತಿಗೆ ಧೈರ್ಯ ಮಾಡಿ ಆಲ್ಬಮ್ಮನ್ನು ಅವರಿಗೇ ಕಳಿಸಿದರು.

ಅಷ್ಟರಲ್ಲಿ ಉಳಿದ ಲೋಕದ ತೀರ್ಪು ಬರತೊಡಗಿತು. ಕೆಳಗಿನ ಅಂಗಡಿಯ ಟೈಲರು ಮೂರನೆಯ ಹಾಡು ಕೇಳಿ ತನ್ನ ಮಷೀನಿಗೆ ಎಣ್ಣೆ ಬಿಟ್ಟ. ಇಂಟರ್ನೆಟ್ಟಿನಲ್ಲಿ ಒಬ್ಬಳು ಬರೆದಳು: "ನಮ್ಮನೆ ವಾಷಿಂಗ್ ಮಷೀನೂ ಇದೇ ಹಾಡು ಹಾಡುತ್ತೆ. ರಿಪೇರಿಯವರ ನಂಬರ್ ಯಾರ ಹತ್ರನಾದ್ರೂ ಇದ್ಯಾ?" ಅದರ ಕೆಳಗೆ ಇಬ್ಬರು ನಂಬರ್ ಕೊಟ್ಟಿದ್ದರು. ಆಲ್ಬಮ್ಮಿನಿಂದ ಒಬ್ಬರಿಗಾದರೂ ಉಪಯೋಗವಾಯಿತು.

ಒಂದು ಬುಧವಾರ ಮಧ್ಯಾಹ್ನ ಹಿಂಕೋಣೆಯ ಬಾಗಿಲು ತೆರೆಯಿತು. ಕಿಂಡಿಯಲ್ಲ, ಬಾಗಿಲು! ಡಾಕ್ಟರಮ್ಮ ತಲೆ ಹಾಕಿ ಪಿಸುಗುಟ್ಟಿದರು.

"ನೋಡು, ಇವರು ಮುಂದೆ ಕೂರಲ್ಲವಂತೆ, ಯಾರಾದ್ರೂ ನೋಡ್ತಾರೆ ಅಂತ. ಹೋದ ವಾರ ಕೊಟ್ಟ ಸೆಟ್ಟು ಕೂರ್ತಾ ಇಲ್ಲ. ಇಲ್ಲೇ ಕೂರಿಸಿಕೊಂಡು ಸರಿ ಮಾಡ್ಕೊಡು. ನಿಂದು ಒಂದು ಸೆಟ್ಟು ವಾಪಸ್ ಬಂದದ್ದು ಇದೇ ಮೊದಲು. ಏನು ಮಾಡಿದೀಯೋ ಮಾರಾಯ?"

ಹಿಂದೆಯೇ ಬಂದವರು ಬಾಯಿಗೆ ಕರ್ಚೀಫ್ ಒತ್ತಿಕೊಂಡಿದ್ದರು. ಕರ್ಚೀಫಿನ ಮೇಲಿನ ಅರ್ಧ ಮುಖವನ್ನು ಹಲ್ಲಣ್ಣ ಪ್ರತಿ ಶುಕ್ರವಾರ ಪೇಪರ್‌ನಲ್ಲಿ ನೋಡುತ್ತಿದ್ದ. ಕತ್ತರಿ! ಡಾಕ್ಟರಮ್ಮ ಟ್ರೇಯನ್ನು ಮೇಜಿನ ಮೇಲಿಟ್ಟು ಹೋದರು. ಟ್ರೇಯ ಮೇಲಿನ ನಂಬರು ನೋಡಿ ಹಲ್ಲಣ್ಣನಿಗೆ ಕಾಲಿನ ಕೆಳಗಿನ ನೆಲ ಆಕಳಿಸಿದಂತಾಯಿತು. ಅರವತ್ತೊಂದು.

ಕತ್ತರಿಯವರು ಸ್ಟೂಲಿನ ಮೇಲೆ ಕೂತು ಕರ್ಚೀಫ್ ಇಳಿಸಿದರು. ಹಲ್ಲಿಲ್ಲದ ಬಾಯಿಯಲ್ಲಿ ಸಕಾರವೆಲ್ಲ ಫಕಾರವಾಗಿತ್ತು.

"ಮಾತಾಡಿದ್ರೆ ಕಟಕಟ ಅನ್ನುತ್ತಯ್ಯ ಅದು. ಫಂಪಾದಕರ ಹತ್ರ ಮಾತಾಡ್ತಿದ್ದೆ, ಅವರು ಕಿಟಕಿ ಮುಚ್ಚಿ ಬಂದ್ರು, ಗಾಳಿಗೆ ಬಡ್ಕೊಳ್ತಿದೆ ಅಂತ."

ಹಲ್ಲಣ್ಣ ಸೆಟ್ಟನ್ನು ಕೀಲಿಗೆ ಸಿಕ್ಕಿಸಿ ನೋಡಿದ. ದವಡೆಹಲ್ಲುಗಳು ಕೂದಲೆಳೆಯಷ್ಟು ಸವೆದಿದ್ದವು. ಬಾಯಿಗೆ ಕೂದಲೆಳೆ ಎಂದರೆ ಹಗ್ಗ. ಸವೆಸಿದ್ದು ಯಾರೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಸುಮ್ಮನೆ ತಲೆ ತಗ್ಗಿಸಿ ಉಜ್ಜತೊಡಗಿದ.

"ಬೇಗ ಆಗುತ್ತಾ? ಫಂಜೆಗೆ ನನ್ನ ಅಂಕಣ ಹೋಗ್ಬೇಕು. ಯಾವುದೋ 'ದವಡೆ' ಅಂತ ಆಲ್ಬಮ್ಮು, ಇನ್ನೂ ಕೇಳಿಲ್ಲ. ಇಲ್ಲೇ ಕೇಳಿದ್ರೆ ನಿನಗೆ ತೊಂದ್ರೆ ಇಲ್ವಲ್ಲ?" ಎಂದವರೇ ಫೋನನ್ನು ಪ್ಲಾಸ್ಟರ್ ಡಬ್ಬಿಗೆ ಒರಗಿಸಿಟ್ಟು ಒತ್ತಿದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ಹಲ್ಲಣ್ಣ ಎರಡೂ ಹೆಗಲು ಮುಟ್ಟಿಕೊಂಡ.

ಮೊದಲನೆಯ ಹಾಡಿಗೆ ಕತ್ತರಿಯವರು "ಫಂಕಟ" ಎಂದರು. ಎರಡನೆಯದಕ್ಕೆ "ಇವರಿಗೂ ಫಂಕಟ, ನಮಗೂ ಫಂಕಟ." ಮೂರನೆಯದಕ್ಕೆ ಹಣೆ ಚಚ್ಚಿಕೊಂಡರು. ನಾಲ್ಕನೆಯದರ ಮಧ್ಯೆ ಹಲ್ಲಣ್ಣನ ಹೊಳಪಿನ ಯಂತ್ರದ ಕಡೆ ತಿರುಗಿ, "ಅದನ್ನ ಫ್ವಲ್ಪ ನಿಲ್ಲಿಫಯ್ಯ, ಯಾವುದು ಹಾಡು ಯಾವುದು ಮಷೀನು ಗೊತ್ತಾಗ್ತಿಲ್ಲ" ಎಂದರು. ಯಂತ್ರ ಆಗಲೇ ನಿಂತಿತ್ತು. ಐದರಲ್ಲಿ ಕೀಬೋರ್ಡು ಒಂದು ಕಡೆ ಮೇಲೇರಿ ಇಳಿದಾಗ ಮಾತ್ರ "ಈ ಹುಡುಗಿಗೆ ಕೈ ಇದೆ" ಎಂದು ಗೊಣಗಿದರು. ಹುಡುಗಿಗೆ ಆಗಲೇ ನಲವತ್ತೇಳು. ಆರನೆಯದಕ್ಕೆ ಸಣ್ಣ ನಿದ್ದೆ.

ಏಳನೆಯದು ಶುರುವಾಯಿತು. ಕಟ್. ಮೌನ. ಕಟ ಕಟ್.

ಕತ್ತರಿಯವರು ಕಣ್ಣು ತೆರೆದರು. ಮೂಗಿನ ಮೇಲೆ ಜಾರಿದ್ದ ಕನ್ನಡಕವನ್ನು ಮೇಲೇರಿಸಿದರು, ಕನ್ನಡಕ ಹಾಕಿಕೊಂಡರೆ ಚೆನ್ನಾಗಿ ಕೇಳುತ್ತದೆ ಎನ್ನುವ ಹಾಗೆ. ಅದು ಮುಗಿಯುವವರೆಗೂ ಅಲ್ಲಾಡಲಿಲ್ಲ. ಮುಗಿದ ಮೇಲೆ ಮತ್ತೆ ಹಾಕಿದರು. ಎರಡನೇ ಸಲ ಅರ್ಧಕ್ಕೆ ನಿಲ್ಲಿಸಿ ಕೇಳಿದರು:

"ಏನಯ್ಯ ಇದು?"

"ಯಾವುದು ಸಾರ್?"

"ಈ ವಾದ್ಯ. ಮರ ಅಲ್ಲ, ಲೋಹ ಅಲ್ಲ. ಯಾರೋ ಮಾತಾಡೋಕೆ ಬಂದು, ಬೇಡ ಅಂತ ಬಾಯಿ ಮುಚ್ಚಿಕೊಂಡ ಹಾಗಿದೆ. ಚೆನ್ನಾಗಿದೆ ಕಣಯ್ಯ. ನಿಜವಾಗ್ಲೂ ಚೆನ್ನಾಗಿದೆ. ಯಾರು ಬಾರಿಫಿರೋದೋ, ಅವನಿಗೆ ಹೇಳೋದು ಏನೋ ಇದೆ."

ಹಲ್ಲಣ್ಣನ ಕೈಯಲ್ಲಿ ಆ ವಾದ್ಯವೇ ಇತ್ತು. ಬಾಯಿ ಮುಚ್ಚಿಕೊಂಡಿದ್ದರೆ ನಾಳಿದ್ದು ಪೇಪರ್‌ನಲ್ಲಿ ಬರುವ ಮಾತು ಇದೇ. ಸ್ಟೇಜು, ಮೈಕು, ಭಾನುವಾರ ಎಲ್ಲ ಅವನದೇ. ಹೇಳಿದರೆ ಕೆಲಸ ಹೋಗಬಹುದು. ಆದರೆ ಹುಟ್ಟಿದಾರಭ್ಯ ಅವನು ಏನು ನುಡಿಸುತ್ತಾನೆಂದು ಕೇಳಿದವರು ಇವರೊಬ್ಬರೇ. ಹೇಳದಿದ್ದರೆ ಪ್ರಾಣವೇ ಹೋದೀತು.

"ನಾನೇ ಸಾರ್."

"ಏನು ನೀನೇ?"

"ಬಾರಿಸಿದ್ದು. ಕಟಕಟ ಅಂದ್ರೆ ನಾನೇ."

"ಓ! ಮತ್ತೆ ವಾದ್ಯ?"

ಹಲ್ಲಣ್ಣ ಕೈ ಮುಂದೆ ಚಾಚಿದ. ಅಂಗೈ ಮೇಲೆ ಕತ್ತರಿಯವರ ಮೇಲ್ದವಡೆ ಹಲ್ಲುಗಿಂಜುತ್ತಿತ್ತು.

ಕತ್ತರಿಯವರು ಹಲ್ಲನ್ನು ನೋಡಿದರು, ಫೋನನ್ನು ನೋಡಿದರು, ನಾಲಿಗೆಯಿಂದ ವಸಡು ತಡವಿಕೊಂಡರು.

"ನನ್ನ ಹಲ್ಲನ್ನ ನನಗಿಂತ ಮುಂಚೆ ನೀನು ಉಪಯೋಗಿಫಿದೀಯ!"

"ತೊಳೆದು ಕೊಟ್ಟಿದ್ದೆ ಸಾರ್."

"ತೊಳೆದು! ಎಷ್ಟು ಫಲ ಬಾರಿಫಿದೆ?"

"ಸರಿ ಬರೋವರೆಗೂ."

ಅವರು ಬಯ್ಯುತ್ತಾರೆಂದು ಹಲ್ಲಣ್ಣ ಕಣ್ಣು ಮುಚ್ಚಿದ. ಬಯ್ಗುಳ ಬರಲಿಲ್ಲ. ಕಣ್ಣು ಬಿಟ್ಟಾಗ ಕತ್ತರಿಯವರ ಭುಜ ಕುಲುಕುತ್ತಿತ್ತು. ಹಲ್ಲಿಲ್ಲದವರ ನಗುವಿಗೆ ಸದ್ದಿಲ್ಲ, ಗಾಳಿ ಮಾತ್ರ. ನಕ್ಕು ಮುಗಿಸಿ ಕಣ್ಣೊರೆಸಿಕೊಂಡರು.

"ಮೂವತ್ತು ವರ್ಷದಿಂದ ಈ ಊರಿನವರು ನನ್ನ ಬಾಯಿಂದ ಒಂದು ಒಳ್ಳೆ ಫಬ್ದ ಬರಲ್ಲ ಅಂತಿದ್ರು. ಬಂತು ನೋಡು." ಆಮೇಲೆ ಮುಖ ಗಂಭೀರವಾಯಿತು. "ಆದ್ರೆ ಏಳನೇದರ ಬಗ್ಗೆ ಬರೆಯಲ್ಲ. ಬರೆದ್ರೆ ವಾದ್ಯ ಯಾವುದು ಅಂತ ಬರೀಬೇಕು, ಅರ್ಧ ಫತ್ಯ ನಾನು ಬರೆಯೋನಲ್ಲ. ಪೂರ್ತಿ ಬರೆದ್ರೆ ನನ್ನ ಬಾಯಿ ಬೋಳು ಅಂತ ಊರಿಗೆಲ್ಲ ಡಂಗುರ. ಅದಾಗಲ್ಲ."

"ಸಾರ್, ಒಂದೇ ಒಂದು ಮಾತು. ಪೇಪರ್‌ನಲ್ಲಿ ಒಂದು ಮಾತು ಬಂದ್ರೆ ನನ್ನ ಭಾನುವಾರ ಉಳಿಯುತ್ತೆ" ಎಂದು ಹಲ್ಲಣ್ಣ ಅಣ್ಣನ ಕರಾರನ್ನೆಲ್ಲ ಒಂದೇ ಉಸಿರಿಗೆ ಹೇಳಿದ.

"ನಿನಗೆ ಬೇಕಾದ್ದು ಚೆನ್ನಾಗಿದ್ಯಾ ಇಲ್ವಾ ಅನ್ನೋದು ತಾನೇ? ಚೆನ್ನಾಗಿದೆ ಅಂದ್ನಲ್ಲ. ಉಳಿದದ್ದು ನಿಮ್ಮ ಮನೆ ಪಂಚಾಯ್ತಿ." ಎದ್ದು ಕರ್ಚೀಫ್ ಏರಿಸಿಕೊಂಡರು. "ಮತ್ತೆ ಆ ಫೆಟ್ಟು ನೀನೇ ಇಟ್ಕೋ. ಹೊಫದು ಮಾಡ್ಕೊಡು. ಇನ್ನೊಬ್ಬರು ನುಡಿಫಿದ್ದನ್ನ ನಾನು ಅಗಿಯಲ್ಲ."

ಅವರು ಹೋದ ಮೇಲೆ ಡಾಕ್ಟರಮ್ಮ ಒಳಗೆ ಬಂದು ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತರು. "ಕಿಂಡಿಯಿಂದ ಎಲ್ಲ ಕೇಳುತ್ತೆ ಅಂತ ಗೊತ್ತಲ್ವಾ ನಿನಗೆ? ಇನ್ಮೇಲೆ ರೋಗಿಗಳ ಸೆಟ್ಟು ಮುಟ್ಟಿ ತಾಳ ಹಾಕಿದ್ರೆ, ಮುಂದಿನ ಸೆಟ್ಟು ನಿನ್ನ ಬಾಯಿಗೇ ಬೇಕಾಗುತ್ತೆ." ಕೆಲಸ ಉಳಿಯಿತು. ಹಲ್ಲೂ ಉಳಿಯಿತು. ಭಾನುವಾರದ್ದು ಮಾತ್ರ ಶುಕ್ರವಾರವೇ ಹೇಳಬೇಕು.

ಶುಕ್ರವಾರ ಬೆಳಿಗ್ಗೆ ಅಣ್ಣನ ಮನೆಯಲ್ಲಿ ಅಣ್ಣ ಪೇಪರ್ ಬಿಡಿಸಿ ಕೂತಿದ್ದ. ಅತ್ತಿಗೆ ಕಾಫಿ ಬಗ್ಗಿಸುತ್ತಿದ್ದರು. ಹಲ್ಲಣ್ಣ ಬಾಗಿಲ ಬಳಿ ಚಪ್ಪಲಿಯನ್ನೂ ಬಿಡದೆ ನಿಂತಿದ್ದ. ಅಣ್ಣ ಹಬೆಯಾಡುವ ಸಂತೋಷದಿಂದ ಓದತೊಡಗಿದ.

"'ದವಡೆಯ ಆಲ್ಬಮ್ಮಿನಲ್ಲಿ ಆರು ಹಾಡುಗಳಿವೆ.' ಏಳಲ್ವೇನೋ? ಅವರಿಗೆ ಎಣಿಸೋಕೂ ಮನಸ್ಸಾಗಿಲ್ಲ ನೋಡು. 'ಮೊದಲನೆಯದನ್ನು ಕೇಳಿ ನಾನು ಪಶ್ಚಾತ್ತಾಪಪಟ್ಟೆ, ಎರಡನೆಯದನ್ನು ಕೇಳಿ ಮೊದಲನೆಯದೇ ವಾಸಿ ಎನಿಸಿತು.' ಅಬ್ಬಬ್ಬಾ! 'ಬೇಸ್ ಗಿಟಾರು ಇದೆ ಎಂದು ಮುಖಪುಟದಲ್ಲಿ ಬರೆದಿದ್ದಾರೆ, ನಂಬೋಣ.'"

ಹಲ್ಲಣ್ಣ ಗೋಡೆ ನೋಡಿದ. ಅಣ್ಣ ಕೊನೆಯ ಸಾಲಿಗೆ ಬಂದು ನಿಧಾನವಾದ.

"'ಆದರೆ ಕರಿಬಿಳಿ ಎಂಬ ಹೆಸರಿನಲ್ಲಿ ಕೀಬೋರ್ಡು ನುಡಿಸಿದಾಕೆಯ ಕೈ ಅಪರೂಪದ್ದು. ಈಕೆ ಬೇರೆಲ್ಲೋ ವ್ಯರ್ಥವಾಗುತ್ತಿರಬೇಕು.'" ಅಣ್ಣ ಪೇಪರ್ ಇಳಿಸಿದ. "ಬಂತಲ್ಲೋ ಒಂದು ಒಳ್ಳೆ ಮಾತು! ಆಯ್ತಪ್ಪ, ಆಡಿದ ಮಾತು ಆಡಿದ್ದೇ. ನಾಳೆ ನಿನ್ನ ಹಾಡು ಇಡೋಣ. ಆದ್ರೆ ಈ ಕರಿಬಿಳಿನೂ ಕರ್ಕೊಂಡು ಬಾ. ಯಾರೋ ಅವಳು? ನಮ್ಮ ಬ್ಯಾಂಡಿಗೇ ಹಾಕ್ಕೊಂಡ್ಬಿಡೋಣ. ನಮ್ಮನೇವಳು ಪಾಪ, ಹಿಂದೆ ಸ್ವಲ್ಪ ತುಂಬ್ತಾಳೆ ಅಷ್ಟೇ."

"ಸಕ್ಕರೆ ಎಷ್ಟು?" ಎಂದರು ಅತ್ತಿಗೆ.

"ದಿನಾ ಹಾಕಲ್ವೇನೇ? ಎರಡು ಚಮಚ. ಎಲ್ಲಿ ವ್ಯರ್ಥ ಆಗ್ತಿದಾಳೋ ಪಾಪ."

"ಇಲ್ಲೇ" ಎಂದು ಅತ್ತಿಗೆ ಲೋಟ ಅವನ ಮುಂದೆ ಕುಕ್ಕಿದರು. "ಶನಿವಾರ ನಿಮ್ಮ ಹಿಂದೆ. ಭಾನುವಾರ ವಾಕಿಂಗು."

ಅಣ್ಣ ಪೇಪರ್ ಮಡಿಚಿಟ್ಟ. ಆಮೇಲೆ ಅವನು ಕೇಳಿದ ಮೊದಲ ಪ್ರಶ್ನೆ ತೂಕದ ಬಗ್ಗೆ. ಅದಕ್ಕೆ ಬಂದ ಉತ್ತರವನ್ನು ಇಲ್ಲಿ ಬರೆಯುವುದು ಉಚಿತವಲ್ಲ.

ಶನಿವಾರ ಅಣ್ಣ ಮಾತಿಗೆ ತಪ್ಪಲಿಲ್ಲ. ಊಟಕ್ಕೆ ಸ್ವಲ್ಪ ಮುಂಚೆ, ತನ್ನದೇ ಮೈಕನ್ನು ಬಗ್ಗಿಸಿ ತಮ್ಮನ ಕೈ ಹತ್ತಿರ ತಂದಿಟ್ಟ. ಹಲ್ಲಣ್ಣ ಬೇಸ್ ಗಿಟಾರನ್ನು ಪಕ್ಕಕ್ಕಿಟ್ಟು ಅರವತ್ತೊಂದನ್ನು ಜೇಬಿನಿಂದ ತೆಗೆದ. ಕಟ್. ಮೌನ. ಕಟ ಕಟ್. ಅತ್ತಿಗೆ ಮೊದಲ ಸಲ ಹೋಟೆಲಿನಲ್ಲಿ ಹತ್ತೂ ಬೆರಳು ಬಳಸಿದರು.

ಮುಂದಿನ ಸಾಲಿನವರು ಒಬ್ಬರನ್ನೊಬ್ಬರು ನೋಡಿಕೊಂಡರು. ಒಬ್ಬರು ಎದ್ದರು, ಅವರ ಹಿಂದೆ ಟೇಬಲ್ಲಿಗೆ ಟೇಬಲ್ಲೇ ಎದ್ದಿತು. ಹಾಡು ಮುಗಿಯುವ ಹೊತ್ತಿಗೆ ಹಾಲ್ ಖಾಲಿ, ಊಟದ ಸಾಲು ಮೆಟ್ಟಿಲವರೆಗೆ. ಅಣ್ಣನ ಮುಖ ಬೆವರಿನಿಂದ ಕೋಟಿಗಿಂತ ಹೆಚ್ಚು ಮಿಂಚುತ್ತಿತ್ತು. ಅಷ್ಟರಲ್ಲಿ ಹೋಟೆಲಿನ ಮ್ಯಾನೇಜರು ಓಡೋಡಿ ಬಂದ. ಬಯ್ಯಲಿಕ್ಕೆ ಎಂದುಕೊಂಡು ಅಣ್ಣ ಕೈ ಜೋಡಿಸುವುದರೊಳಗೆ ಅವನು ಹಲ್ಲಣ್ಣನ ಕೈ ಹಿಡಿದು ಕುಲುಕಿದ.

"ಏನ್ ಸಾರ್ ಇದು, ಅದ್ಭುತ! ಇವರನ್ನ ಊಟಕ್ಕೆ ಎಬ್ಬಿಸೋದೇ ನಮಗೆ ದೊಡ್ಡ ತಲೆನೋವು. ಅಡಿಗೆಯೋರು ದಿನಾ ಬಯ್ತಾರೆ. ಇವತ್ತು ಒಂದು ಹಾಡಿಗೆ ಎಲ್ಲಾ ಕ್ಲೀನ್! ಪ್ರತಿ ಶನಿವಾರ ಇದೇ ಹೊತ್ತಿಗೆ ಇದನ್ನ ಹಾಕ್ಬಿಡಿ. ಕಾಯಂ."

ಹಲ್ಲಣ್ಣ ಅಣ್ಣನನ್ನು ನೋಡಿದ. ಅಣ್ಣ ನಗುವುದೋ ಅಳುವುದೋ ತಿಳಿಯದೆ ಹಲ್ಲು ಕಚ್ಚಿಕೊಂಡಿದ್ದ.

"ಕಾಯಂ ಅಂದ್ರೆ ಎಷ್ಟು ಹೊತ್ತು ಸಿಗುತ್ತೆ?" ಎಂದು ಹಲ್ಲಣ್ಣ ಕೇಳಿದ.

"ಎಷ್ಟು ಬೇಕಾದ್ರೂ. ಹಾಲ್ ಖಾಲಿ ಇರುತ್ತಲ್ಲ, ಯಾರಿಗೆ ತೊಂದ್ರೆ?"

ಭಾನುವಾರ ಉಳಿಯಿತು, ಶನಿವಾರದಲ್ಲೊಂದು ಪಾಲೂ ಸಿಕ್ಕಿತು. ಇಂಥ ಗೆಲುವನ್ನು ಹೇಗೆ ಅನುಭವಿಸಬೇಕೆಂದು ಹಲ್ಲಣ್ಣನಿಗೆ ತಿಳಿಯಲಿಲ್ಲ. ಹಲ್ಲನ್ನು ಒರೆಸುತ್ತ ಹಾಲ್ ಕಡೆ ನೋಡಿದ. ಹಿಂದಿನ ಸಾಲಿನಲ್ಲಿ ಒಬ್ಬ ಅಜ್ಜಿ ಚೀಲ ತೊಡೆಯ ಮೇಲಿಟ್ಟುಕೊಂಡು ಇನ್ನೂ ಕೂತಿದ್ದರು.

"ಊಟಕ್ಕೆ ಏಳಲ್ವಾ ಅಜ್ಜಿ?"

"ನಂದು ಮನೇಲೇ ಆಯ್ತಪ್ಪ" ಎಂದರು ಅಜ್ಜಿ. "ಅಷ್ಟಕ್ಕೇ ಯಾಕೆ ನಿಲ್ಸಿದೆ? ಮುಂದಿಂದು ನುಡಿಸು."

ಅತ್ತಿಗೆ ಆಗಲೇ ಮೊದಲ ಸ್ವರ ಒತ್ತಿದ್ದರು.